ಎದೆಯ ಕೀವು, ನೀರಿನ ಬಾಟಲಿ

ನ್ಯುಮೋನಿಯಾ ಉಲ್ಬಣಿಸಿ ಮಗುವಿನ ಶ್ವಾಸಕೋಶದ ಸುತ್ತ ಕೀವು ತುಂಬಿಕೊಳ್ಳುವ ಸ್ಥಿತಿಯೇ ಎಂಪೈಮಾ. ಆಂಧ್ರದ ವಿಶಾಖಪಟ್ಟಣ, ವಿಜಯವಾಡಗಳ ತಾಯಂದಿರ ಮಾತಿನಲ್ಲಿ ನ್ಯುಮೋನಿಯಾ ಎಂದರೆ ‘ನೆಮ್ಮು’. ‘ಡೊಕ್ಕಲು ಎಗರೇಸ್ತುನ್ನಾಡು’ ಎಂದು ಅವರು ಗಾಬರಿಪಡುವುದು ನಮ್ಮವರು ಹೇಳುವ ಪಕ್ಕೆಸೆಳೆತಕ್ಕೇ. ವೈದ್ಯರೂ ಮೊದಲು ನೋಡುವುದು ಅದನ್ನೇ. ಜೊತೆಗೆ ಉಸಿರು ಎಣಿಸುತ್ತಾರೆ: 2 ತಿಂಗಳು ತುಂಬಿದ ಹಸುಗೂಸಿಗೆ ನಿಮಿಷಕ್ಕೆ 50, ವರ್ಷ ದಾಟಿದ ಮಗುವಿಗೆ 40 ಮುಟ್ಟಿದರೆ ಅನುಮಾನ. ಹಾಲು ಕುಡಿಯದಿದ್ದರೆ, ರಕ್ತದ ಆಮ್ಲಜನಕ ಶೇ 90ಕ್ಕಿಂತ ಇಳಿದರೆ ಕಾಯಿಲೆ ತೀವ್ರ.

ಆ್ಯಂಟಿಬಯೋಟಿಕ್ ಶುರುವಾಗಿ ಎರಡು ಮೂರು ದಿನವಾದರೂ ಜ್ವರ ಇಳಿಯದಿದ್ದರೆ ಕೀವಿನ ಶಂಕೆ. ಬೆನ್ನಿಗೆ ಬೆರಳಿಟ್ಟು ತಟ್ಟಿದರೆ ಆ ಬದಿ ಮಂದವಾಗಿ ಕೇಳುತ್ತದೆ. ಎಕ್ಸ್‌ರೇಯಲ್ಲಿ ಬೆಳ್ಳಗೆ ಕಂಡದ್ದು ದ್ರವವೋ ಗಟ್ಟಿಯೋ, ಒಳಗೆ ಪರದೆ ಕಟ್ಟಿದೆಯೋ ಎಂಬುದನ್ನು ಅಲ್ಟ್ರಾಸೌಂಡ್ ತೋರಿಸುತ್ತದೆ.

ಕೀವು ತೆಗೆಯಲು ಹಿಂದೆ ಪಕ್ಕೆಲುಬು ಕತ್ತರಿಸಿ ಎದೆ ತೆರೆಯುತ್ತಿದ್ದರು. ಗಾಳಿ ಒಳನುಗ್ಗಿ ಶ್ವಾಸಕೋಶ ಕುಸಿಯುತ್ತಿತ್ತು. ಹ್ಯಾಂಬರ್ಗ್‌ನ ವೈದ್ಯ ಗೊಟ್ಹಾರ್ಡ್ ಬ್ಯೂಲೌ 1891ರಲ್ಲಿ ಬೇರೆ ದಾರಿ ಪ್ರಕಟಿಸಿದ: ಎದೆಗೆ ಕೊಳವೆ ಹಾಕು, ಅದರ ತುದಿಯನ್ನು ಬಾಟಲಿಯ ನೀರಿನಲ್ಲಿ ಮುಳುಗಿಸು. ಕೀವು ಇಳಿಯುತ್ತದೆ, ಗಾಳಿ ಹಿಂದಿರುಗದು. ಈ ವಿವೇಕ ಎಲ್ಲೆಡೆ ಒಪ್ಪಿತವಾಗಲು ಮಹಾಯುದ್ಧವೇ ಬೇಕಾಯಿತು. 1918ರಲ್ಲಿ ಅಮೆರಿಕದ ಸೇನಾ ಶಿಬಿರಗಳಲ್ಲಿ ಎಂಪೈಮಾದಿಂದ ಶೇ 30ರಷ್ಟು ರೋಗಿಗಳು ಸಾಯುತ್ತಿದ್ದರು. ಅವಸರದಲ್ಲಿ ಎದೆ ತೆರೆಯಬಾರದೆಂದು ಶಸ್ತ್ರವೈದ್ಯ ಎವಾರ್ಟ್ಸ್ ಗ್ರಹಾಂ ಇದ್ದ ಸೇನಾ ಆಯೋಗ ಹೇಳಿದ ಮೇಲೆ ಸಾವು ಶೇ 5ಕ್ಕೂ ಕೆಳಗಿಳಿಯಿತು.

ಇಂದೂ ಎದೆಗೆ ಹಾಕುವುದು ಇಂಥ ಕೊಳವೆಯನ್ನೇ. ಮಗು ಉಸಿರೆಳೆದಾಗ ಕೊಳವೆಯೊಳಗಿನ ನೀರು ಮೇಲೇರುತ್ತದೆ, ಬಿಟ್ಟಾಗ ಇಳಿಯುತ್ತದೆ. ಈ ತೂಗಾಟ ನಿಂತರೆ ಕೊಳವೆ ಕಟ್ಟಿಕೊಂಡಿದೆ, ಇಲ್ಲವೇ ಶ್ವಾಸಕೋಶ ಪೂರ್ತಿ ಅರಳಿದೆ. ಯಾವುದೆಂದು ತಿಳಿಯಲು ಮತ್ತೆ ಎಕ್ಸ್‌ರೇ. ಮನೆಯಲ್ಲಿ ಕಾದ ದಿನಗಳಲ್ಲಿ ಕೀವು ಗಟ್ಟಿಯಾಗಿ ಗೂಡುಕಟ್ಟಿಬಿಟ್ಟಿದ್ದರೆ ಕೊಳವೆಯೊಂದೇ ಸಾಲದು. ಆಗ ಯುರೋಕೈನೇಸ್‌ನಂಥ ಕರಗಿಸುವ ಔಷಧಿಯನ್ನು ಅದೇ ಕೊಳವೆಯಲ್ಲಿ ಬಿಡುತ್ತಾರೆ. ಇದರಿಂದ ಮಕ್ಕಳ ಆಸ್ಪತ್ರೆವಾಸ ಸರಾಸರಿ 9.5 ದಿನದಿಂದ 7.4ಕ್ಕೆ ಇಳಿದದ್ದನ್ನು 2002ರ ಬ್ರಿಟನ್ ಅಧ್ಯಯನ ತೋರಿಸಿತು. ಅದಕ್ಕೂ ಬಗ್ಗದಿದ್ದರೆ ಸಣ್ಣ ರಂಧ್ರದ ಮೂಲಕ ಕ್ಯಾಮೆರಾ ಇಳಿಸಿ ಶಸ್ತ್ರಚಿಕಿತ್ಸೆ.

2021ರ ಆಗಸ್ಟ್‌ನಲ್ಲಿ ಆಂಧ್ರಪ್ರದೇಶ ಕೀವಿಗೆ ದೊಡ್ಡ ಕಾರಣವಾದ ನ್ಯುಮೊಕಾಕಸ್ ಬ್ಯಾಕ್ಟೀರಿಯಾದ ವಿರುದ್ಧದ ಲಸಿಕೆಯನ್ನು ಉಚಿತ ಲಸಿಕಾ ಪಟ್ಟಿಗೆ ಸೇರಿಸಿತು: 6ನೇ ವಾರ, 14ನೇ ವಾರ, 9ನೇ ತಿಂಗಳು. ಕೀವಿನ ಇನ್ನೊಂದು ದೊಡ್ಡ ಕಾರಣವಾದ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾಕ್ಕೆ ಲಸಿಕೆಯಿಲ್ಲ. ಅದು ತಗುಲಿದ ಮಗುವಿಗೆ ವಾರಗಟ್ಟಲೆ ಆ್ಯಂಟಿಬಯೋಟಿಕ್, ಮಂಚದ ಕೆಳಗೆ ಅದೇ ಬಾಟಲಿ.