ನಾಳೆಯ ಕತೆಗೆ ದುರ್ಗದಲ್ಲೊಂದು ಕೂಟ

2023ರ ಏಪ್ರಿಲ್ 2, ಭಾನುವಾರ. ಬೆಳಿಗ್ಗೆ 7 ಗಂಟೆ 10 ನಿಮಿಷಕ್ಕೆ ಚಳ್ಳಕೆರೆ ಬಯಲಿನ ಏರೋನಾಟಿಕಲ್ ಟೆಸ್ಟ್ ರೇಂಜಿನಿಂದ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಮೇಲೆದ್ದಿತು. ಅದರ ಕೆಳಗೆ ತೂಗುತ್ತಿದ್ದುದು ಇಸ್ರೊ ಸಂಸ್ಥೆಯ ರೆಕ್ಕೆಯುಳ್ಳ ವಾಹನ. ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಅದನ್ನು ಗಾಳಿಗೆ ಬಿಟ್ಟರು. ಒಳಗೆ ಪೈಲಟ್ ಇರಲಿಲ್ಲ. ತಾನೆಲ್ಲಿದ್ದೇನೆಂದು ತಾನೇ ಲೆಕ್ಕ ಹಾಕಿಕೊಂಡು, ದಾರಿ ತಿದ್ದಿಕೊಂಡು, 7.40ಕ್ಕೆ ಅದು ರನ್‌ವೇ ಮೇಲೆ ಬಂದಿಳಿಯಿತು. 2024ರ ಮಾರ್ಚ್ 22ರಂದು ಮತ್ತೊಮ್ಮೆ, ಜೂನ್ 23ರಂದು ಮಗದೊಮ್ಮೆ ಇದೇ ಪರೀಕ್ಷೆ ನಡೆಯಿತು. ಮೂರನೆಯ ಸಲ ದಾರಿಯಿಂದ 500 ಮೀಟರ್ ಪಕ್ಕಕ್ಕೆ ಬಿಟ್ಟು, ಗಾಳಿ ಜೋರಾಗಿದ್ದಾಗಲೇ ಇಳಿಸಿದರು. ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚು. ವಾಹನಕ್ಕೆ ಇಟ್ಟ ಹೆಸರು ಪುಷ್ಪಕ.

ರಾಮಾಯಣದ ವಿಮಾನದ ಹೆಸರು ಹೊತ್ತ ಯಂತ್ರವೊಂದು ಚಿತ್ರದುರ್ಗ ಜಿಲ್ಲೆಯ ಬಯಲಿನಲ್ಲಿ ಇಳಿದಿದೆ. ವೈಜ್ಞಾನಿಕ ಕಥೆ ಮತ್ತು ಅದ್ಭುತ ಕಥೆ, ಎರಡೂ ನಮ್ಮ ಅಂಗಳದಲ್ಲೇ ಕೈಕುಲುಕಿವೆ. ಇನ್ನು ಆಗಬೇಕಾದದ್ದು ಇಷ್ಟೇ: ಈ ಬಗೆಯ ಕಥೆ ಓದುವ, ಹೇಳುವ, ಬರೆಯುವ ಹುಡುಗ ಹುಡುಗಿಯರಿಗೆ ನಮ್ಮ ಕಾಲೇಜುಗಳಲ್ಲಿ ಒಂದು ಕೂಟ. ಎನ್‌ಎಸ್‌ಎಸ್ ಇದೆ, ಎನ್‌ಸಿಸಿ ಇದೆ, ಸಾಂಸ್ಕೃತಿಕ ಸಮಿತಿ ಇದೆ. ವಿಜ್ಞಾನ ಸಂಘ ಇರುವ ಕಡೆ ಕಥೆಗೆ ಜಾಗವಿಲ್ಲ, ಸಾಹಿತ್ಯ ಸಂಘ ಇರುವ ಕಡೆ ವಿಜ್ಞಾನಕ್ಕೆ ಜಾಗವಿಲ್ಲ. ಬಿಎಸ್‌ಸಿಯವರೂ ಬಿಎಯವರೂ ಒಂದೇ ಬೆಂಚಿನಲ್ಲಿ ಕೂತು ಮಾತಾಡಬಹುದಾದ ವಿಷಯ ಇದೊಂದೇ ಎಂದು ನನಗೆ ಅನ್ನಿಸುತ್ತದೆ.

ಹೊರದೇಶಗಳ ವಿಶ್ವವಿದ್ಯಾಲಯಗಳಲ್ಲಿ ಇಂಥ ಕೂಟ ಹಳೆಯ ಸಂಗತಿ. ಅಮೆರಿಕದ ಎಂಐಟಿಯ ವಿದ್ಯಾರ್ಥಿಗಳು 1949ರಲ್ಲಿ ಸೈನ್ಸ್ ಫಿಕ್ಷನ್ ಸೊಸೈಟಿ ಕಟ್ಟಿಕೊಂಡರು. ಪತ್ರಿಕೆ, ಪುಸ್ತಕಗಳು ಕೂಡುತ್ತಾ ಹೋಗಿ ಅದು ಇಂದು ಹತ್ತಾರು ಸಾವಿರ ಪುಸ್ತಕಗಳ ಗ್ರಂಥಾಲಯ. ಕೇಂಬ್ರಿಜ್‌ನಲ್ಲಿ 1963ರಲ್ಲಿ ಅಂಥದೇ ಸಂಘ ಶುರುವಾಯಿತು. ಆಕ್ಸ್‌ಫರ್ಡ್‌ನ ಕಥೆ ಇನ್ನೂ ಹಿಂದಿನದು. 1930, 40ರ ದಶಕಗಳಲ್ಲಿ ಗುರುವಾರ ರಾತ್ರಿ ಸಿ.ಎಸ್. ಲೂಯಿಸ್ ಅವರ ಕೋಣೆಯಲ್ಲಿ ಕೆಲವು ಅಧ್ಯಾಪಕರು, ಗೆಳೆಯರು ಸೇರುತ್ತಿದ್ದರು. ತಾವು ಬರೆದದ್ದನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ಮುಲಾಜಿಲ್ಲದೆ ಅಭಿಪ್ರಾಯ ಹೇಳಬೇಕು. ಟೋಲ್ಕಿನ್ ತಮ್ಮ 'ಲಾರ್ಡ್ ಆಫ್ ದಿ ರಿಂಗ್ಸ್' ಕಾದಂಬರಿಯ ಅಧ್ಯಾಯಗಳನ್ನು ಓದಿದ್ದು ಅಲ್ಲಿಯೇ. ಲೂಯಿಸ್ ಬೆನ್ನುಹತ್ತಿ ಒತ್ತಾಯಿಸದಿದ್ದರೆ ಅದನ್ನು ಮುಗಿಸುತ್ತಲೇ ಇರಲಿಲ್ಲ ಎಂದು ಟೋಲ್ಕಿನ್ ಮುಂದೆ ನೆನೆದರು. ಹತ್ತಾರು ಭಾಷೆಗಳಿಗೆ ಹೋದ ಆ ಪುಸ್ತಕದ ಹಿಂದೆ ಇದ್ದದ್ದು ಕೇಳಲು ತಯಾರಿದ್ದ ಒಂದಿಷ್ಟು ಕಿವಿಗಳು.

ನಮ್ಮ ದೇಶದಲ್ಲೂ ಇದು ನಡೆದಿದೆ. ಅದ್ರೀಶ್ ಬರ್ಧನ್ 1963ರಲ್ಲಿ ಕೋಲ್ಕತ್ತಾದಲ್ಲಿ 'ಆಶ್ಚರ್ಯ' ಎಂಬ ಬಂಗಾಳಿ ವೈಜ್ಞಾನಿಕ ಕಥಾಪತ್ರಿಕೆ ಹೊರಡಿಸಿದರು. ಅದರ ಸುತ್ತ ಸೇರಿದ ಓದುಗರು, ಲೇಖಕರು 1966ರಲ್ಲಿ ಸೈನ್ಸ್ ಫಿಕ್ಷನ್ ಸಿನಿ ಕ್ಲಬ್ ಕಟ್ಟಿದರು. ಅಧ್ಯಕ್ಷರು ಸತ್ಯಜಿತ್ ರಾಯ್. ಆ ಕ್ಲಬ್ ಕೆಲವೇ ವರ್ಷ ನಡೆದು ನಿಂತಿತು. ಆದರೂ ಬಂಗಾಳಿಯಲ್ಲಿ ಈ ಬರವಣಿಗೆಗೆ ಇರುವ ಓದುಗ ಬಳಗವನ್ನು ನೋಡಿದರೆ ಆ ವರ್ಷಗಳು ವ್ಯರ್ಥವಾಗಲಿಲ್ಲ ಎನ್ನಬಹುದು. ಮರಾಠಿಯಲ್ಲಿ ಈ ಕೆಲಸವನ್ನು ಮರಾಠಿ ವಿಜ್ಞಾನ ಪರಿಷತ್ತು ಮಾಡಿತು. 1974ರಲ್ಲಿ ಅದರ ಕಥಾಸ್ಪರ್ಧೆಗೆ 'ಕೃಷ್ಣ ವಿವರ' ಎಂಬ ಕಥೆ ಬಂತು. ಕಳಿಸಿದವರ ಹೆಸರು ನಾರಾಯಣ ವಿನಾಯಕ ಜಗತಾಪ. ಬಹುಮಾನ ಬಂದ ಮೇಲೆ ತಿಳಿಯಿತು, ಬರೆದವರು ಖಗೋಳ ವಿಜ್ಞಾನಿ ಜಯಂತ ವಿಷ್ಣು ನಾರ್ಳೀಕರ್. ತಮ್ಮ ಹೆಸರಿನ ಮೊದಲಕ್ಷರಗಳನ್ನು ಹಿಂದುಮುಂದು ಮಾಡಿ, ಕೈಬರಹದ ಗುರುತೂ ಸಿಗದಂತೆ ಹೆಂಡತಿಯ ಕೈಯಲ್ಲಿ ಬರೆಸಿ ಕಳಿಸಿದ್ದರು. ಅಷ್ಟು ದೊಡ್ಡ ವಿಜ್ಞಾನಿಗೂ ತಮ್ಮ ಕಥೆ ಕಥೆಯಾಗಿ ನಿಲ್ಲುತ್ತದೆಯೇ ಎಂದು ತಿಳಿಯುವ ಆಸೆ ಇತ್ತು.

ಕನ್ನಡದಲ್ಲಿ ಲೇಖಕರಿಗೆ ಬರವಿಲ್ಲ. ರಾಜಶೇಖರ ಭೂಸನೂರಮಠರು ವೈಜ್ಞಾನಿಕ ಕಥೆ, ಕಾದಂಬರಿಗಳ ರುಚಿಯನ್ನು ಒಂದು ತಲೆಮಾರಿನ ಓದುಗರಿಗೆ ಹತ್ತಿಸಿದರು. 1978ರಲ್ಲಿ ಶುರುವಾದ 'ಬಾಲ ವಿಜ್ಞಾನ' ಪತ್ರಿಕೆ ಹಳ್ಳಿಯ ಶಾಲೆಗಳಿಗೂ ತಲುಪಿತು. 1980ರಲ್ಲಿ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಬಂತು. ಹಾರುವ ಓತಿಯನ್ನು ಹುಡುಕಿ ಕಾಡು ಹೊಕ್ಕ ಆ ತಂಡದಲ್ಲಿ ವಿಜ್ಞಾನಿಯಷ್ಟೇ ಮುಖ್ಯನಾದವನು ಜೇನು ಹಿಡಿಯುವ ಮಂದಣ್ಣ. ಕನ್ನಡದಲ್ಲಿ ವಿಜ್ಞಾನವನ್ನು ಕಥೆ ಮಾಡುವುದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಈ ಮಂದಣ್ಣನನ್ನು. 1998ರಲ್ಲಿ ವೆಲ್ಲೂರಿನಲ್ಲಿ ಹುಟ್ಟಿದ ಇಂಡಿಯನ್ ಅಸೋಸಿಯೇಷನ್ ಫಾರ್ ಸೈನ್ಸ್ ಫಿಕ್ಷನ್ ಸ್ಟಡೀಸ್ ಆಮೇಲೆ ಬೆಂಗಳೂರನ್ನು ನೆಲೆ ಮಾಡಿಕೊಂಡು ಸಮ್ಮೇಳನಗಳನ್ನು ನಡೆಸಿದೆ. ಅದು ವಿದ್ವಾಂಸರ ವೇದಿಕೆ. ನಮ್ಮ ಹೊಸದುರ್ಗದ ಹುಡುಗಿ ಸಂಜೆ ಬಸ್ಸಿಗೆ ಮೊದಲು ಹೋಗಿ ಕೂರಬಹುದಾದ ಕೂಟ ಬೇರೆಯೇ ಬೇಕು.

ಚಿತ್ರದುರ್ಗದ ಜ್ಞಾನಗಂಗೋತ್ರಿ, ದಾವಣಗೆರೆ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ. ಅಲ್ಲಿಂದ ಹೊಸದುರ್ಗ, ಹಿರಿಯೂರು, ಹೊಳಲ್ಕೆರೆಯ ಪದವಿ ಕಾಲೇಜುಗಳವರೆಗೆ ಹಬ್ಬುವ ಒಂದು ಕೂಟ ಆಗಬೇಕೆಂಬುದು ನನ್ನ ಆಸೆ. ಮುಂದಿನ ಸೆಮಿಸ್ಟರಿಗೆ ಅದು ಏನೇನು ಮಾಡಬಹುದು ಎಂಬುದಕ್ಕೆ ಈ ಜಿಲ್ಲೆಯೇ ದಾರಿ ತೋರಿಸುತ್ತದೆ.

ಮೊದಲ ಕಾರ್ಯಕ್ರಮವನ್ನು ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಮಾಡಿ ಎಂದು ನಾನು ಹೇಳುತ್ತೇನೆ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಈ ಊರಿನ ಗಾಜಿನ ಬಳೆಯ ಭಟ್ಟಿಗಳ ಬಗ್ಗೆ ಬರೆದಿಟ್ಟಿದ್ದಾನೆ. ಸುತ್ತಮುತ್ತಲಿನ ನೆಲದಲ್ಲೇ ಸಿಗುವ ಚೌಳುಮಣ್ಣು, ಬೆಣಚುಕಲ್ಲು ಬಳಸಿ ಗಾಜು ಕರಗಿಸುತ್ತಿದ್ದರು. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂದು ಐದು ಬಣ್ಣದ ಬಳೆಗಳು ಇಲ್ಲಿಂದ ಹೋಗುತ್ತಿದ್ದವು. ಹಳೆಯ ಕಾಲದ ಬಳೆ ಮಾಡುವ ಬಗೆಯನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಭಟ್ಟಿಯೊಳಗಿನ ಮಣ್ಣಿನ ಮೂಸೆಯಲ್ಲಿ ಗಾಜು ಜೇನಿನ ಹಾಗೆ ಮಂದವಾಗಿದೆ. ಕಬ್ಬಿಣದ ಸಲಾಕೆಯ ತುದಿಗೆ ಒಂದಿಷ್ಟು ಸುತ್ತಿಕೊಂಡು, ಆರುವ ಮೊದಲೇ ಉಂಗುರ ಮಾಡಿ, ಬುಡ ಅಗಲ ತುದಿ ಚೂಪಾದ ಜೇಡಿಮಣ್ಣಿನ ಅಚ್ಚಿಗೆ ತೊಡಿಸಿ ತಿರುಗಿಸಬೇಕು. ತಿರುಗಿದಷ್ಟೂ ಉಂಗುರ ಹಿಗ್ಗಿ ಬಳೆಯ ಅಳತೆಗೆ ಬರುತ್ತದೆ. ಒಂದು ಗಳಿಗೆ ತಡವಾದರೆ ಗಾಜು ಬಿರಿಯುತ್ತದೆ. ವಿಶ್ವವಿದ್ಯಾಲಯದ ಪ್ರಯೋಗಾಲಯ ಎಂಬುದು ಇಲ್ಲಿಗೆ ಬರುವ ಎಷ್ಟೋ ಮುಂಚೆ, ಚೌಳುನೆಲದಿಂದ ಬಣ್ಣದ ಗಾಜು ತೆಗೆದ ಜನ ಇವರು. ಆ ಭಟ್ಟಿಗಳು ಆರದೇ ಉಳಿದಿದ್ದರೆ ಮತ್ತೋಡು ಇಂದು ಏನಾಗಿರುತ್ತಿತ್ತು? ದೂರದರ್ಶಕದ ಮಸೂರ, ಸೌರಫಲಕದ ಗಾಜು, ಫೈಬರ್ ತಂತಿ? 'ಹೀಗಾಗಿದ್ದರೆ' ಎಂದು ಶುರುವಾಗುವ ಕಥೆಗೆ ಇದಕ್ಕಿಂತ ಒಳ್ಳೆಯ ಊರು ಸಿಗುವುದಿಲ್ಲ. ಬರುವವರೆಲ್ಲ ಒಂದೊಂದು ಪುಟ ಬರೆದು ತರಲಿ. ನಾರ್ಳೀಕರರು ಮಾಡಿದಂತೆ ಹೆಸರು ಮುಚ್ಚಿಟ್ಟೇ ಎಲ್ಲವನ್ನೂ ಓದಲಿ. ಊರಿನ ಹಿರಿಯರನ್ನೂ ಕರೆದು ಕೂರಿಸಿ, ಬಳೆಯ ಬಗ್ಗೆ ಅವರು ಕೇಳಿ ಬಲ್ಲ ಮಾತುಗಳನ್ನು ಬರೆದುಕೊಳ್ಳಬೇಕು.

ಎರಡನೆಯದು ನಾಟಕ. ರೋಬೋಟ್ ಲೋಕಕ್ಕೆ ಬಂದದ್ದು ಪ್ರಯೋಗಾಲಯದಿಂದಲ್ಲ, ರಂಗದಿಂದ. ಜೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಬರೆದ 'ಆರ್.ಯು.ಆರ್.' ನಾಟಕ 1921ರಲ್ಲಿ ಪ್ರಾಗ್‌ನಲ್ಲಿ ಆಡಿದಾಗ ರೋಬೋಟ್ ಎಂಬ ಹೆಸರು ಎಲ್ಲ ಕಡೆ ಹಬ್ಬಿತು. ನಮ್ಮ ಹೊಸದುರ್ಗ ತಾಲ್ಲೂಕಿನಲ್ಲಿ ಸಾಣೇಹಳ್ಳಿ ಇದೆ. 1997ರಿಂದ ಶಿವಸಂಚಾರ ತಂಡ ಅಲ್ಲಿಂದ ಹೊರಟು ನಾಡಿನುದ್ದಕ್ಕೂ ನಾಟಕ ಆಡುತ್ತಾ ಬಂದಿದೆ. ರಂಗಶಾಲೆ ಇದೆ, ಬಯಲು ರಂಗಮಂದಿರ ಇದೆ, ನವೆಂಬರಿನಲ್ಲಿ ನಾಟಕೋತ್ಸವಕ್ಕೆ ಸುತ್ತಲ ಹಳ್ಳಿಗಳ ಜನ ಕಿಕ್ಕಿರಿದು ಕೂರುತ್ತಾರೆ. ನಾಟಕ ನೋಡಿ ಪಳಗಿದ ಇಂಥ ಪ್ರೇಕ್ಷಕರು ಬೇರೆಡೆ ಅಪರೂಪ. ಕೂಟದವರು ಮೊದಲು ಉತ್ಸವಕ್ಕೆ ಒಟ್ಟಾಗಿ ಹೋಗಿ ನೋಡಲಿ. ಬೆಳಕು, ರಂಗಸಜ್ಜಿಕೆಯ ಕೆಲಸ ಬಲ್ಲವರನ್ನು ಮಾತಾಡಿಸಲಿ. ಆಮೇಲೆ ಅರ್ಧ ಗಂಟೆಯ ನಾಟಕವೊಂದನ್ನು ತಾವೇ ಕಟ್ಟಲಿ.

ಮೂರನೆಯದು ಗಣೆಯ ರಾತ್ರಿ. ಅದ್ಭುತ ಕಥೆ ಎಂದರೆ ಡ್ರ್ಯಾಗನ್, ಮಾಂತ್ರಿಕರ ಕೋಟೆ ಎಂದೇ ನಮ್ಮ ಹುಡುಗರಿಗೆ ಸಿನಿಮಾಗಳು ಕಲಿಸಿವೆ. ಆದರೆ ಹಿರಿಯೂರು, ಚಳ್ಳಕೆರೆ ಕಡೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ ಕಾವ್ಯ ಇನ್ನೂ ಬಾಯಿಂದ ಬಾಯಿಗೆ ಬರುತ್ತಿದೆ. ದನಕರು, ಅಡವಿ, ಒಡಹುಟ್ಟು, ಪವಾಡ ಎಲ್ಲ ಕೂಡಿದ ಕಥೆ ಅದು. ಆ ಪದಗಳಿಗೆ ಜೊತೆ ಕೊಡುವುದು ಗಣೆ ಎಂಬ ಉದ್ದನೆಯ ಬಿದಿರಿನ ಕೊಳಲು. ಬಲ್ಲವರು ದಿನದಿನಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರನ್ನು ಕಾಲೇಜಿನ ವೇದಿಕೆಗೆ ಕರೆಸಿ ಹತ್ತು ನಿಮಿಷ ಹಾಡಿಸಿ ಶಾಲು ಹೊದಿಸಿ ಕಳಿಸುವುದು ನನಗೆ ಒಪ್ಪಿಗೆಯಿಲ್ಲ. ಹಟ್ಟಿಯ ರೀತಿ ರಿವಾಜು ಕೇಳಿಕೊಂಡು, ಅವರು ಒಪ್ಪಿದ ಹೊತ್ತಿಗೆ ನಾವೇ ಹೋಗಿ ಕೂತು ಪೂರ್ತಿ ಕೇಳಬೇಕು.

ಕಾಲಯಾನದ ಕಥೆ ಇಷ್ಟಪಡುವವರಿಗೆ ಚಂದ್ರವಳ್ಳಿ ಸಾಕು. ಕದಂಬ ಮಯೂರಶರ್ಮ ಕೆರೆ ಕಟ್ಟಿಸಿದ್ದನ್ನು ಹೇಳುವ ಶಾಸನ ಅಲ್ಲಿನ ಬಂಡೆಯ ಮೇಲಿದೆ. 1947ರ ಮಾರ್ಟಿಮರ್ ವೀಲರ್ ಉತ್ಖನನ ಸೇರಿದಂತೆ ಅಲ್ಲಿ ಅಗೆದಾಗ ಶಾತವಾಹನರ ನಾಣ್ಯಗಳ ಜೊತೆ ರೋಮನ್ ನಾಣ್ಯಗಳೂ ಸಿಕ್ಕಿವೆ. ಒಂದು ಭಾನುವಾರ ಬುತ್ತಿ ಕಟ್ಟಿಕೊಂಡು ನಡೆದುಬಂದರೆ ಸಾಕು, ವರ್ಷಕ್ಕಾಗುವಷ್ಟು ಕಥೆಯ ಎಳೆ ಸಿಗುತ್ತದೆ. ಡಿಸೆಂಬರ್ 13, 14ರ ರಾತ್ರಿ ಜೆಮಿನಿಡ್ ಉಲ್ಕಾಪಾತ ನೋಡಲು ಊರ ದೀಪಗಳಿಂದ ದೂರದ ಯಾವ ಹೊಲವಾದರೂ ಆದೀತು.

ಇಷ್ಟು ಹೇಳಿ ಚಳ್ಳಕೆರೆಯ ಬಯಲನ್ನು ಬರೀ ಬೆರಗಿನ ಜಾಗವಾಗಿ ಬಿಟ್ಟರೆ ತಪ್ಪಾಗುತ್ತದೆ. ಪುಷ್ಪಕ ಇಳಿದ ನೆಲ ಅಮೃತಮಹಲ್ ಕಾವಲಿನ ಹುಲ್ಲುಗಾವಲು. ಡಿಆರ್‌ಡಿಒಗೆ 4 ಸಾವಿರ ಎಕರೆಗೂ ಹೆಚ್ಚು, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ಈ ಕಾವಲುಗಳಲ್ಲಿ ಸಿಕ್ಕಿತು. ತಲೆತಲಾಂತರದಿಂದ ಅಲ್ಲಿ ಕುರಿ, ದನ ಮೇಯಿಸಿ ಕಂಬಳಿ ನೇಯ್ದು ಬದುಕಿದವರು ಬೇಲಿಯ ಹೊರಗಾದರು. ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಒಳ್ಳೆಯ ವೈಜ್ಞಾನಿಕ ಕಥೆ ಯಂತ್ರವನ್ನು ಮೆಚ್ಚಿ ಸುಮ್ಮನಾಗುವುದಿಲ್ಲ, ಆ ಯಂತ್ರ ಬಂದಾಗ ಪಕ್ಕದ ಮನೆಯಲ್ಲಿ ಏನಾಯಿತು ಎಂದು ಕೇಳುತ್ತದೆ. ರನ್‌ವೇ ಕಡೆಯಿಂದಲೂ ಬೇಲಿಯಾಚೆಯ ಕುರಿಗಾಹಿಯ ಕಡೆಯಿಂದಲೂ ಈ ಕಥೆ ಬರೆಯಬಲ್ಲವರು ಇಲ್ಲಿಯ ಮಕ್ಕಳೇ. ವಾಣಿವಿಲಾಸ ಸಾಗರವೂ ಇಲ್ಲಿಯ ಮಕ್ಕಳೇ ಬರೆಯಬೇಕಾದ ಕಥೆ. 1907ರಲ್ಲಿ ಕಟ್ಟಿ ಮುಗಿಸಿದ ಆ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ನಂತರ. ಇನ್ನು 89 ವರ್ಷಕ್ಕೆ ಮಾರಿಕಣಿವೆಯ ಈ ಜಲಾಶಯದಲ್ಲಿ ನೀರು ಹೇಗಿರುತ್ತದೆ, ಆ ಹೊತ್ತಿಗೆ ಹಿರಿಯೂರಿನ ತೋಟಗಳಲ್ಲಿ ಏನು ಬೆಳೆದಿರುತ್ತದೆ? ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಇದಕ್ಕೆ ಜಾಗವಿಲ್ಲ, ಕೂಟದಲ್ಲಿ ಇದೆ.

ಖರ್ಚಿನ ಮಾತು ಬಂದೇ ಬರುತ್ತದೆ. ಓದಿಗೆ ಗ್ರಂಥಾಲಯದ ಪುಸ್ತಕ ಸಾಕು. ಸಿನಿಮಾಕ್ಕೆ ಕಾಲೇಜಿನ ಪ್ರೊಜೆಕ್ಟರ್, ಒಂದು ಬಿಳಿ ಗೋಡೆ. ಚಹಾ, ಮಂಡಕ್ಕಿಗೆ ಕೈಕೈ ಸೇರಿಸಿದರಾಯಿತು. ದುಡ್ಡಿಗಿಂತ ಕಷ್ಟದ್ದು ಹೊತ್ತು. ದೂರದ ಹಳ್ಳಿಗಳಿಂದ ಬರುವವರಿಗೆ, ಅದರಲ್ಲೂ ಹುಡುಗಿಯರಿಗೆ, ಕೊನೆಯ ಬಸ್ಸು ತಪ್ಪಬಾರದು. ಆದ್ದರಿಂದ ಕೂಟ ಸಂಜೆಗಿಂತ ಶನಿವಾರ ಮಧ್ಯಾಹ್ನ ಆಗುವುದು ಮೇಲು, ರಾತ್ರಿಯ ಕಾರ್ಯಕ್ರಮಗಳಿಗೆ ಅಧ್ಯಾಪಕಿಯೊಬ್ಬರು ಜೊತೆಗಿರಬೇಕು, ಮನೆಯವರಿಗೆ ಮೊದಲೇ ತಿಳಿಸಬೇಕು. ಇಷ್ಟನ್ನು ಸರಿಯಾಗಿ ನೋಡಿಕೊಳ್ಳದಿದ್ದರೆ ಕೂಟ ಹಾಸ್ಟೆಲ್ ಹುಡುಗರದ್ದೇ ಆಗಿ ಉಳಿಯುತ್ತದೆ, ಅರ್ಧ ಕಥೆಗಳು ಹೊರಗೇ ನಿಲ್ಲುತ್ತವೆ.

ಜಿಲ್ಲೆಯ ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ. ಭೌತಶಾಸ್ತ್ರದವರು ಒಬ್ಬರು, ಕನ್ನಡದವರು ಒಬ್ಬರು, ಇಬ್ಬರು ಮುಂದೆ ಬನ್ನಿ. ಪ್ರಾಂಶುಪಾಲರನ್ನು ಕೇಳಿ ತಿಂಗಳಿಗೆ ಎರಡು ಶನಿವಾರ ಒಂದು ಕೊಠಡಿ ಬಿಡಿಸಿಕೊಡಿ. ಮೊದಲ ದಿನ 'ಕರ್ವಾಲೊ' ಓದಿಕೊಂಡು ಬರಲು ನೋಟಿಸ್ ಬೋರ್ಡಿನಲ್ಲಿ ಬರೆಯಿರಿ. ಹತ್ತು ಮಂದಿ ಬಂದರೂ ಶುರುಮಾಡಿ.