ಯಲ್ಲಾಪುರ: ಕೌದಿಯ ನಾಲ್ಕು ಮೂಲೆ

ಬಿಟಿಎಂ ಲೇಔಟ್‌ನಲ್ಲೋ ಜೆ.ಪಿ. ನಗರದಲ್ಲೋ ಬಾಡಿಗೆ ಮನೆ ಹುಡುಕುವ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹುಡುಗರು ಮತ್ತೆ ಮತ್ತೆ ಕೇಳಿಸಿಕೊಳ್ಳುವ ಪ್ರಶ್ನೆ ‘ಯಾವ ದೇಶ?’ ಎಂಬುದು. ಅದೂ ಇಂಗ್ಲಿಷಿನಲ್ಲಿ. ‘ನಮ್ಮದು ಯಲ್ಲಾಪುರ’ ಎಂದು ಅವರು ಕನ್ನಡದಲ್ಲಿ ಹೇಳಿದರೆ ಕೇಳಿದವರಿಗೆ ನಂಬಿಕೆ ಬರುವುದಿಲ್ಲ. ಆ ಊರಿನ ಪರಿಚಯ ದಕ್ಷಿಣ ಬೆಂಗಳೂರಿನ ನಮಗೆ ಅಷ್ಟರಮಟ್ಟಿಗೆ ಕಡಿಮೆ.

ಹುಬ್ಬಳ್ಳಿಯಿಂದ ಅಂಕೋಲಾ ದಾರಿಯಲ್ಲಿ ಸುಮಾರು 70 ಕಿಲೋಮೀಟರ್ ಹೋದರೆ ಯಲ್ಲಾಪುರ. ಬಯಲು ಮುಗಿದು ಸಾಗವಾನಿ, ಮತ್ತಿ ಮರಗಳ ಕಾಡು ಶುರುವಾಗುತ್ತದೆ. ಕಣಿವೆಗಳಲ್ಲಿ ಅಡಿಕೆ ತೋಟ, ಅಂಚಿನಲ್ಲಿ ಚದುರಿದ ಮನೆಗಳು. ಇಲ್ಲಿ, ಪಕ್ಕದ ಹಳಿಯಾಳ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳಲ್ಲಿ ಸಿದ್ದಿಗಳು ವಾಸಿಸುತ್ತಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಡಮಾಮಿ ಕುಣಿತದ ತಾಳಕ್ಕೆ ಹೆಜ್ಜೆ ಹಾಕುವ ಕಾಲು ಮಾತ್ರ ಎಲ್ಲರದೂ ಒಂದೇ.

ಇವರ ಪೂರ್ವಜರಲ್ಲಿ ಬಹಳ ಮಂದಿಯನ್ನು ಪೋರ್ಚುಗೀಸರು ಆಫ್ರಿಕಾದ ಪೂರ್ವ ತೀರದಿಂದ ಹಡಗಿನಲ್ಲಿ ತುಂಬಿ ಗೋವೆಗೆ ತಂದರು. ಮನೆಗೆಲಸಕ್ಕೆ, ಪಲ್ಲಕ್ಕಿ ಹೊರಲು, ಕಾವಲಿಗೆ ಅವರನ್ನು ಮಾರಿದರು, ಕೊಂಡರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟ ಹತ್ತಿ ಈ ಕಾಡು ಸೇರಿದರು.

ಹಳೆಯ ಗೋವೆಯಲ್ಲಿ ಸೇಂಟ್ ಪಾಲ್ ಕಾಲೇಜಿನ ಮುಖಮಂಟಪವೊಂದೇ ಇಂದು ಉಳಿದಿದೆ. 1556ರಲ್ಲಿ ಭಾರತದ ಮೊದಲ ಅಚ್ಚುಯಂತ್ರ ಕೆಲಸ ಮಾಡಿದ್ದು ಅಲ್ಲೇ. ಅದನ್ನು ನಡೆಸುತ್ತಿದ್ದ ಜೆಸ್ಯುಯಿಟ್ ಪಾದ್ರಿಗಳ ಬಳಿಯೂ ಗುಲಾಮರಿದ್ದರು. ಅಚ್ಚುಮೊಳೆಯ ಬಗ್ಗೆ ಶಾಲೆಯಲ್ಲಿ ಓದಿದ್ದೇವೆ, ಗುಲಾಮರ ಬಗ್ಗೆ ಯಾರೂ ಹೇಳಲಿಲ್ಲ. ಇದೇ ಪಂಗಡದ ಪಾದ್ರಿಗಳು ಅಮೆರಿಕದಲ್ಲಿ 1789ರಲ್ಲಿ ಕಟ್ಟಿದ ಜಾರ್ಜ್‌ಟೌನ್ ಕಾಲೇಜು ಸಾಲದಲ್ಲಿ ಮುಳುಗಿದಾಗ, 1838ರಲ್ಲಿ 272 ಗುಲಾಮರನ್ನು ಲೂಸಿಯಾನದ ತೋಟದ ಒಡೆಯರಿಗೆ ಮಾರಲಾಯಿತು. ಹಸುಗೂಸುಗಳೂ ಆ ಮಾರಾಟದಲ್ಲಿದ್ದವು. ಕ್ರಯಪತ್ರ ಉಳಿದದ್ದರಿಂದ ಹೆಸರುಗಳೂ ಉಳಿದವು. ಪಟ್ಟಿಯ ಮೊದಲ ಹೆಸರು ಐಸಾಕ್ ಹಾಕಿನ್ಸ್. 2017ರಲ್ಲಿ ವಿಶ್ವವಿದ್ಯಾಲಯ ತನ್ನ ಕಟ್ಟಡವೊಂದಕ್ಕೆ ಆ ಹೆಸರಿಟ್ಟು, ವಂಶಸ್ಥರನ್ನು ಕರೆಸಿ ಕ್ಷಮೆ ಕೇಳಿತು.

ಯಲ್ಲಾಪುರದ ಸಿದ್ದಿ ಅಜ್ಜಿಯ ಕೈಗೆ ಅಂಥ ಪಟ್ಟಿ ಕೊಡುವವರು ಯಾರು? ಕ್ಷಮೆ ಕೇಳಬೇಕಾದವರು ಯಾರು? ಕಾಡಿಗೆ ಬಂದ ಮೇಲೂ ದುಡಿಮೆ ಅವರ ಸ್ವಂತದ್ದಾಗಲಿಲ್ಲ. ಸಾಲಕ್ಕೆ ಜೀತವಿದ್ದವರು ಎಷ್ಟೋ ಮಂದಿ. 1976ರ ಜೀತ ನಿರ್ಮೂಲನಾ ಕಾಯ್ದೆಯ ನಂತರವೂ ಕಾಲಡಿಯ ನೆಲಕ್ಕೆ ಹಕ್ಕುಪತ್ರವಿಲ್ಲದೆ ಒದ್ದಾಡಿದರು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಧಾರವಾಡ, ಬೆಳಗಾವಿಯವರು 2020ರವರೆಗೆ ಕಾಯಬೇಕಾಯಿತು. ಅದೇ ವರ್ಷ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು, ಅಲ್ಲಿ ಕೂತ ಮೊದಲ ಸಿದ್ದಿ.

ಇದಕ್ಕೂ ಮುಂಚೆ, 1980ರ ದಶಕದಲ್ಲಿ, ಈ ತಾಲ್ಲೂಕಿನ ಮಂಚಿಕೇರಿಯಲ್ಲಿ ಒಂದು ನಾಟಕ ನಡೆಯಿತು. ಹೆಗ್ಗೋಡಿನ ನೀನಾಸಂ ಬಳಗದ ಚಿದಂಬರರಾವ್ ಜಂಬೆ ಅವರು ನೈಜೀರಿಯಾದ ಚಿನುವಾ ಅಚಿಬೆಯ ಕಾದಂಬರಿಯನ್ನು ‘ಕಪ್ಪು ಜನ ಕೆಂಪು ನೆರಳು’ ಎಂದು ಸಿದ್ದಿಗಳಿಂದಲೇ ಆಡಿಸಿದರು. ಆಫ್ರಿಕಾದ ಹಳ್ಳಿಯೊಂದು ಮುರಿದುಬೀಳುವ ಕತೆ, ಆಫ್ರಿಕಾವನ್ನು ಕಂಡೇ ಇರದ ಮೊಮ್ಮಕ್ಕಳ ಬಾಯಲ್ಲಿ, ಕನ್ನಡದಲ್ಲಿ! ನಮ್ಮ ರಂಗಭೂಮಿ ಮಾಡಿದ ದೊಡ್ಡ ಕೆಲಸಗಳಲ್ಲಿ ಇದನ್ನು ನಾನು ಎಣಿಸುತ್ತೇನೆ.

ಯಲ್ಲಾಪುರಕ್ಕೆ ಹೋದವರು ಸಿದ್ದಿ ಹೆಂಗಸರು ಕೌದಿ ಹೊಲಿಯುವುದನ್ನು ನೋಡದೆ ಬರಬಾರದು. ಹಳೆ ಸೀರೆಯನ್ನು ನೆಲಕ್ಕೆ ಹಾಸಿ, ಅಂಚಿನಿಂದ ಹೊಲಿಗೆ ಶುರು ಮಾಡುತ್ತಾರೆ. ಹರಿದ ಲಂಗ, ಅಂಗಿಗಳ ತುಂಡುಗಳನ್ನು ಒಂದೊಂದಾಗಿ ಸೇರಿಸುತ್ತಾ, ಸುತ್ತು ಸುತ್ತಿ ಒಳಗೆ ಬರುತ್ತಾರೆ. ಸೂಜಿ ನಡುವಿಗೆ ಬಂದು ನಿಲ್ಲುವ ಹೊತ್ತಿಗೆ ಎಷ್ಟೋ ದಿನ ಕಳೆದಿರುತ್ತದೆ. ಆದರೂ ಕೌದಿ ಮುಗಿದಂತಲ್ಲ. ನಾಲ್ಕು ಮೂಲೆಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಪುಟ್ಟ ಹೂವು ಕೂರಿಸಬೇಕು. ‘ಫೂಲ’ ಎನ್ನುತ್ತಾರೆ ಅದಕ್ಕೆ. ಅದಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ.