ಪರದೆ ಕಪ್ಪಾಗಿದ್ದರೆ ಹೆದರಬೇಡಿ: ಆಸಿಲೋಸ್ಕೋಪ್ ಬಳಸುವ ಬಗೆ

ಪ್ರಾಯೋಗಿಕ ಪರೀಕ್ಷೆಗಳ ದಿನ ಹತ್ತಿರವಾದಂತೆ ಬಲಿಪೂಜೆಯ ಬಳಿಕ ಆಶೀರ್ವಾದ ಕೇಳಲು ಬರುವ ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚುತ್ತದೆ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದ ಹುಡುಗನೊಬ್ಬ ಹಾಗೆಯೇ ಬಂದು, "ಫಾದರ್, ನನಗೆ ಸಿ.ಆರ್.ಓ. ಪ್ರಯೋಗ ಬಾರದ ಹಾಗೆ ಪ್ರಾರ್ಥಿಸಿ" ಎಂದ. ಪ್ರಾರ್ಥಿಸಿದೆನಾದರೂ ಅಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ. ಪರಿಚಯದ ಉಪನ್ಯಾಸಕರೊಬ್ಬರನ್ನು ಕೇಳಿಕೊಂಡು, ಅವನನ್ನೂ ಕರೆದುಕೊಂಡು ಎರಡು ಮಧ್ಯಾಹ್ನ ಪ್ರಯೋಗಾಲಯದಲ್ಲಿ ಕುಳಿತೆ. ಅಲ್ಲಿ ಕಲಿತದ್ದನ್ನು ನಮ್ಮ ಇತರ ಮಕ್ಕಳಿಗೂ, ಚರ್ಚಿನ ಧ್ವನಿವರ್ಧಕ ನೋಡಿಕೊಳ್ಳುವವರಿಗೂ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಮಲ್ಟಿಮೀಟರ್ ಒಂದು ಅಂಕೆಯನ್ನು ಕೊಡುತ್ತದೆ. ಆಸಿಲೋಸ್ಕೋಪ್ ವೋಲ್ಟೇಜಿನ ಏರಿಳಿತದ ಚಿತ್ರವನ್ನೇ ತೋರಿಸುತ್ತದೆ. ಇದಕ್ಕೆ ಬೇಕಾದ ಕ್ಯಾಥೋಡ್ ಕಿರಣ ನಳಿಕೆಯನ್ನು 1897ರಲ್ಲಿ ರೂಪಿಸಿದವರು ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನ್. 1909ರಲ್ಲಿ ರೇಡಿಯೊ ಸಂಬಂಧದ ಕೆಲಸಕ್ಕಾಗಿ ಮಾರ್ಕೋನಿಯವರೊಂದಿಗೆ ನೊಬೆಲ್ ಹಂಚಿಕೊಂಡವರೂ ಅವರೇ. ಇಂದಿನ ಡಿಜಿಟಲ್ ಉಪಕರಣಗಳಲ್ಲಿ ಆ ನಳಿಕೆ ಇಲ್ಲ. ಆದರೂ ಮುಖ್ಯ ನಾಬುಗಳ ಕೆಲಸ ಬದಲಾಗಿಲ್ಲ.

ಸ್ವಿಚ್ ಹಾಕಿದರೂ ಪರದೆಯಲ್ಲಿ ಏನೂ ಕಾಣದಿರುವುದೇ ಹುಡುಗರ ಮೊದಲ ಭಯ. ಉಪಕರಣ ಕೆಟ್ಟಿದೆ ಎಂದುಕೊಂಡು ಸಿಕ್ಕಿದ ನಾಬುಗಳನ್ನೆಲ್ಲ ತಿರುಗಿಸುತ್ತಾರೆ. ಆಮೇಲೆ ದಾರಿಯೇ ತಿಳಿಯುವುದಿಲ್ಲ. ಹಿಂದಿನ ತಂಡದವರು ಬಿಟ್ಟುಹೋದ ಸ್ಥಿತಿಯಲ್ಲಿ ಗೆರೆ ಪರದೆಯಿಂದ ಹೊರಗೆ ಹೋಗಿರಬಹುದು, ಅಷ್ಟೆ. ಇಂಟೆನ್ಸಿಟಿ ನಾಬನ್ನೂ ಎರಡು ಪೊಸಿಶನ್ ನಾಬುಗಳನ್ನೂ ನಡುವೆ ತನ್ನಿ. ಇನ್‌ಪುಟ್ ಸ್ವಿಚ್ಚನ್ನು ಗ್ರೌಂಡಿಗೂ ಟ್ರಿಗರನ್ನು ಆಟೋಗೂ ಇಡಿ. ನಡುವಿನಲ್ಲಿ ಒಂದು ಅಡ್ಡಗೆರೆ ಮೂಡುತ್ತದೆ. ಹಳೆಯ ಮಾದರಿಗಳಲ್ಲಿ ಗೆರೆಯ ಬದಲು ಒಂದೇ ಚುಕ್ಕೆ ಉರಿಯುತ್ತಿದ್ದರೆ ಕೂಡಲೇ ಬೆಳಕು ತಗ್ಗಿಸಿ, ಇಲ್ಲವಾದರೆ ಪರದೆಯ ಲೇಪ ಅಲ್ಲಿ ಸುಟ್ಟುಹೋಗುತ್ತದೆ.

ಪರದೆಯ ಮೇಲೆ ಸಾಮಾನ್ಯವಾಗಿ ಅಡ್ಡಕ್ಕೆ 10, ಉದ್ದಕ್ಕೆ 8 ಚೌಕಗಳಿರುತ್ತವೆ. ವೋಲ್ಟ್ಸ್ ನಾಬ್ ಮೇಲೆ-ಕೆಳಗಿನ ಒಂದು ಚೌಕಕ್ಕೆ ಎಷ್ಟು ವೋಲ್ಟ್ ಎಂದೂ, ಟೈಮ್ ನಾಬ್ ಅಡ್ಡದ ಒಂದು ಚೌಕಕ್ಕೆ ಎಷ್ಟು ಸಮಯ ಎಂದೂ ನಿರ್ಧರಿಸುತ್ತವೆ. ನಾವು ಅಂದು 6 ವೋಲ್ಟಿನ ಚಿಕ್ಕ ಟ್ರಾನ್ಸ್‌ಫಾರ್ಮರ್ ಜೋಡಿಸಿ, ಒಂದನ್ನು 5 ವೋಲ್ಟಿಗೂ ಇನ್ನೊಂದನ್ನು 5 ಮಿಲಿಸೆಕೆಂಡಿಗೂ ಇಟ್ಟೆವು. ಒಂದು ಪೂರ್ತಿ ಅಲೆ 4 ಚೌಕಗಳಷ್ಟು ಅಗಲ ಬಂತು. ಅಂದರೆ 20 ಮಿಲಿಸೆಕೆಂಡ್, ಸೆಕೆಂಡಿಗೆ 50 ಅಲೆಗಳು. ನಮ್ಮ ಮನೆಯ ವಿದ್ಯುತ್ತಿನ ಲೆಕ್ಕವೇ. ಎತ್ತರ ಮಾತ್ರ ಸುಮಾರು 3.4 ಚೌಕ, ಅಂದರೆ 17 ವೋಲ್ಟ್! ಹುಡುಗ ಗಾಬರಿಯಾದ. ಆರು ಹೇಗೆ ಹದಿನೇಳಾಯಿತು? ಮಲ್ಟಿಮೀಟರ್ ಹೇಳುವುದು ಪರಿಣಾಮಕಾರಿ ಮೌಲ್ಯವನ್ನು. ಅಲೆಯ ತುದಿ ಅದರ 1.41 ಪಟ್ಟು, ಅಂದರೆ ಸುಮಾರು 8.5 ವೋಲ್ಟ್, ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗೆ 17. ಎರಡೂ ಸರಿಯೇ.

ವೋಲ್ಟ್ಸ್ ನಾಬಿನ ನಡುವೆ ಇರುವ ಸಣ್ಣ ನಾಬನ್ನು 'ಕ್ಯಾಲ್' ಗುರುತಿಗೆ ಪೂರ್ತಿ ತಿರುಗಿಸಿಡದಿದ್ದರೆ ಈ ಲೆಕ್ಕವೆಲ್ಲ ತಪ್ಪಾಗುತ್ತದೆ. ಪ್ರೋಬಿನ ಮೇಲೆ ×10 ಎಂಬ ಗುಂಡಿ ಇದ್ದರೆ ಅದನ್ನೂ ನೋಡಿ. ಓದಿದ್ದನ್ನು ಹತ್ತರಿಂದ ಗುಣಿಸಲು ಮರೆತು ಅಂಕ ಕಳೆದುಕೊಂಡವರಿದ್ದಾರೆ.

ನನಗೆ ಬಹಳ ಹೊತ್ತು ಹಿಡಿದದ್ದು ಟ್ರಿಗರ್. ಅಲೆ ನಿಲ್ಲದೆ ಓಡುತ್ತಲೇ ಇತ್ತು. ಗೆರೆಯು ಎಡದಿಂದ ಬಲಕ್ಕೆ ಪ್ರತಿ ಸಾರಿ ಹೊರಡುವಾಗಲೂ ಅಲೆಯ ಒಂದೇ ಜಾಗದಿಂದ ಹೊರಟರೆ ಮಾತ್ರ ಚಿತ್ರಗಳು ಒಂದರ ಮೇಲೊಂದು ಕುಳಿತು ಸ್ಥಿರವಾಗಿ ಕಾಣುತ್ತವೆ. ಗಾಯನ ಮಂಡಳಿಯಲ್ಲಿ ಎಲ್ಲರೂ ಒಂದೇ ಸ್ವರದಲ್ಲಿ ಎತ್ತಿಕೊಳ್ಳಬೇಕಲ್ಲವೇ, ಹಾಗೆ. ಆ ಜಾಗವನ್ನು ಗುರುತಿಸುವುದೇ ಲೆವೆಲ್ ನಾಬ್. ಅದನ್ನು ಅಲೆಯ ತುದಿಗಿಂತ ಮೇಲಕ್ಕೆ ಒಯ್ದರೆ ಆಟೋದಲ್ಲಿ ಚಿತ್ರ ಓಡುತ್ತದೆ, ನಾರ್ಮಲ್‌ನಲ್ಲಿ ಮಾಯವಾಗುತ್ತದೆ. ನಮ್ಮ ತಪ್ಪು ಇನ್ನೂ ಸಣ್ಣದು: ವಯರ್ ಇದ್ದದ್ದು ಒಂದನೇ ಚಾನೆಲ್‌ನಲ್ಲಿ, ಟ್ರಿಗರ್ ಸೋರ್ಸ್ ಎರಡಕ್ಕಿತ್ತು. ಅದನ್ನು ಬದಲಾಯಿಸಿದ ಕೂಡಲೇ ಅಲೆ ನಿಂತಿತು.

ಡಿ.ಸಿ. ಸ್ಥಾನದಲ್ಲಿ ವೋಲ್ಟೇಜ್ ಇದ್ದ ಹಾಗೆಯೇ ಕಾಣುತ್ತದೆ, ಎ.ಸಿ. ಸ್ಥಾನವು ಸ್ಥಿರ ಭಾಗವನ್ನು ತಡೆದು ಏರಿಳಿತವನ್ನಷ್ಟೇ ತೋರಿಸುತ್ತದೆ. ಚರ್ಚಿನ ಆಂಪ್ಲಿಫೈಯರ್ ಗುಂಯ್ ಎನ್ನುವಾಗ ಇದು ಉಪಯೋಗಕ್ಕೆ ಬರುತ್ತದೆ. ಔಟ್‌ಪುಟ್ಟಿನ ಅಲೆ 20 ಮಿಲಿಸೆಕೆಂಡಿನದಾದರೆ ಮೊದಲು ಮೈಕ್ ವಯರನ್ನೂ ಅರ್ಥಿಂಗನ್ನೂ ಪರೀಕ್ಷಿಸಿ. 10 ಮಿಲಿಸೆಕೆಂಡಿನದಾದರೆ ಪವರ್ ಸಪ್ಲೈಯ ಫಿಲ್ಟರ್ ಕೆಪಾಸಿಟರ್ ಹಳತಾಗಿರುವ ಸಾಧ್ಯತೆ ಹೆಚ್ಚು.

ಕೊನೆಯದಾಗಿ, ಜೀವಕ್ಕೆ ಸಂಬಂಧಿಸಿದ ಮಾತು. ಪ್ರೋಬಿನ ಜತೆ ನೇತಾಡುವ ಸಣ್ಣ ಕ್ಲಿಪ್ ಉಪಕರಣದ ಲೋಹದ ಕವಚಕ್ಕೂ, ಅದರ ಮೂಲಕ ಪ್ಲಗ್ಗಿನ ಅರ್ಥ್ ಪಿನ್ನಿಗೂ ಸೇರಿರುತ್ತದೆ. ಅದನ್ನು ಫೇಸ್ ವಯರಿಗೆ ಸಿಕ್ಕಿಸಿದರೆ ನೇರ ಶಾರ್ಟ್ ಸರ್ಕ್ಯೂಟ್. ಇದನ್ನು ತಪ್ಪಿಸಲು ಕೆಲವರು ಅರ್ಥ್ ಪಿನ್ನನ್ನೇ ಕಿತ್ತುಹಾಕುತ್ತಾರೆ. ಆಗ ಫ್ಯೂಸ್ ಹೋಗುವುದಿಲ್ಲ, ನಿಜ. ಆದರೆ ಕವಚ ಪೂರ್ತಿ 230 ವೋಲ್ಟಿಗೆ ಏರಿ, ನಾಬ್ ತಿರುಗಿಸಲು ಹೋದ ಕೈ ಲೋಹಕ್ಕೆ ತಾಗಿದರೆ ಸಾಕು. ಟ್ರಾನ್ಸ್‌ಫಾರ್ಮರ್ ಇಲ್ಲದೆ ಗೋಡೆಯ ಪ್ಲಗ್ಗಿನ ಅಲೆ ನೋಡುವ ಸಾಹಸ ಯಾವ ವಿದ್ಯಾರ್ಥಿಗೂ ಬೇಡ. ಅರ್ಥ್ ಪಿನ್ ಇಲ್ಲದ ಪ್ಲಗ್ ಕಣ್ಣಿಗೆ ಬಿದ್ದರೆ ಆ ಉಪಕರಣವನ್ನು ಮುಟ್ಟದೆ ಮೊದಲು ಉಪನ್ಯಾಸಕರಿಗೆ ತಿಳಿಸಿ, ಪರೀಕ್ಷೆಯ ಹೊತ್ತಾದರೂ ಸರಿ.